ತೊರವಿಯ ನೀರು

ವಿಜಯಪುರದಿಂದ ತಿಕೋಟಾದ ಕಡೆಗೆ ಹೊರಟವರಿಗೆ ನಗರದ ಪಶ್ಚಿಮಕ್ಕೆ ತೊರವಿ ಎಂಬ ಊರು ಸಿಗುತ್ತದೆ. ಸಾಹಿತ್ಯಪ್ರಿಯರಿಗೆ ಈ ಹೆಸರು ಹೊಸದಲ್ಲ. ಕುಮಾರವಾಲ್ಮೀಕಿಯು ಸುಮಾರು 1500ರಲ್ಲಿ ಇಲ್ಲಿಯ ನರಸಿಂಹನನ್ನು ನೆನೆದು ಭಾಮಿನೀ ಷಟ್ಪದಿಯಲ್ಲಿ ರಾಮಾಯಣವನ್ನು ರಚಿಸಿದನು. ಆ ಕಾವ್ಯವನ್ನು ನಾನು ಅನೇಕ ವರ್ಷ ಪಾಠ ಹೇಳಿದೆ. ಆದರೆ ಒಂದು ರಾಜಧಾನಿಗೆ ನೀರೂಡಿಸಿದ ಸುರಂಗ ಬಾವಡಿಯೂ ಅದೇ ತೊರವಿಯಲ್ಲಿದೆ ಎಂಬುದನ್ನು ಕಣ್ಣಾರೆ ಕಂಡದ್ದು ನಿವೃತ್ತನಾದ ಮೇಲೆ. ಈ ತಪ್ಪನ್ನು ಒಪ್ಪಿಕೊಂಡೇ ಮಾತನ್ನು ಆರಂಭಿಸುತ್ತೇನೆ.

1565ರ ರಕ್ಕಸತಂಗಡಿ ಯುದ್ಧದ ತರುವಾಯ ಬಿಜಾಪುರವು ಬೆಳೆಯಿತು, ಜನ ಹೆಚ್ಚಿದರು. ಹತ್ತಿರದ ಡೋಣಿಯ ನೀರಾದರೋ ಸವಳು. ಆದಿಲಶಾಹಿ ಅರಸರು ಪಶ್ಚಿಮದ ಎತ್ತರದ ನೆಲದತ್ತ ನೋಡಿದರು. ಅಲ್ಲಿ ಕಪ್ಪುಕಲ್ಲಿನ ಸಂದುಗಳಲ್ಲಿ ಇಂಗಿದ ಮಳೆನೀರು ಒಸರುತ್ತದೆ. ಆ ಒಸರನ್ನು ನೆಲದೊಳಗಿನ ಕಾಲುವೆಯಲ್ಲಿ, ಮೆಲ್ಲನೆಯ ಇಳಿಜಾರಿನಲ್ಲಿ, ನಗರದವರೆಗೆ ಹರಿಸಿದರು. ಇದು ಇರಾನಿನ ಕರೇಜಿನ ವಿಧಾನ. ನಗರದೊಳಗೆ ಗಂಜ್ ಎಂಬ ಎತ್ತರದ ಗೋಪುರಗಳು ನೀರಿನ ಒತ್ತಡವನ್ನು ತಗ್ಗಿಸಿ, ಕೆಸರನ್ನು ತಳಕ್ಕಿಳಿಸುತ್ತಿದ್ದವು. 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ್ ಇವೂ ಇದೇ ಜಲಚಿಂತೆಯ ಫಲಗಳು.

ಸುರಂಗದ ಉದ್ದಕ್ಕೂ ನೆಲದ ಮೇಲೆ ಬಾಯಿ ತೆರೆದ ಬಾವಿಗಳನ್ನು ಏಕೆ ಬಿಟ್ಟರು? ಗಾಳಿಗಾಗಿ, ಮತ್ತು ಮನುಷ್ಯನು ಇಳಿದು ಹೂಳು ತೆಗೆಯಲಿಕ್ಕಾಗಿ. ಕಟ್ಟಿದರೆ ಕೆಲಸ ಮುಗಿಯಲಿಲ್ಲವೆಂಬ ಅರಿವು ಕಟ್ಟಿದವರಿಗಿತ್ತು. 1686ರಲ್ಲಿ ನಗರವು ಔರಂಗಜೇಬನ ವಶವಾಯಿತು. ಸುರಂಗಕ್ಕೆ ಆಶ್ರಯವಾಗಿದ್ದ ಅರಸುಮನೆತನವೇ ಅಳಿಯಿತು. ಕಲ್ಲು ಉಳಿಯಿತು, ಇಳಿಯುವವರು ಉಳಿಯಲಿಲ್ಲ.

ಇಳಿಯುವವರ ಮಾತು ಬಂದಾಗ ನನಗೆ ಸೊನ್ನಲಿಗೆಯ ಸಿದ್ಧರಾಮನ ನೆನಪಾಗುತ್ತದೆ. ಇಂದಿನ ಸೊಲ್ಲಾಪುರವೇ ಆ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಅವನು ಶಿಷ್ಯರೊಡನೆ ಕೆರೆ ತೋಡಿದನು, ರಾಜಾಜ್ಞೆಯಿಂದಲ್ಲ, ಭಕ್ತಿಯಿಂದ. ಶೂನ್ಯಸಂಪಾದನೆಯಲ್ಲಿ ಅಲ್ಲಮನು ಬಂದು, ಮಣ್ಣಗೆಯುವ ಈ ಯೋಗಿಯನ್ನು ಮೂದಲಿಸುತ್ತಾನೆ. ಮೂದಲಿಕೆ ಕೆರೆಯ ಮೇಲಲ್ಲ, 'ನಾನು ಕಟ್ಟಿದೆ' ಎಂಬ ಭಾವದ ಮೇಲೆ ಎಂದು ನಾನು ತಿಳಿದಿದ್ದೇನೆ. ಸಿದ್ಧರಾಮನು ಕಲ್ಯಾಣಕ್ಕೆ ಹೋದನು. ಕೆರೆ ಇಂದಿಗೂ ಇದೆ.

ಸ್ವಯಂಸೇವೆಗೆ ಹೊರಡುವ ಇಂದಿನ ತರುಣರಿಗೆ ಈ ಕಥೆ ಬೇಕು. ಏತ ನೀರಾವರಿಯಿಂದ ಕೃಷ್ಣೆಯ ನೀರು ಬಬಲೇಶ್ವರ, ತಿಕೋಟಾಗಳ ಹೊಲಕೆರೆಗಳಿಗೆ ಬಂದಿದೆ, ಅದು ಸಂತೋಷವೇ. ಆದರೆ ಮನೆಗೆ ನಳ ಬಂದೊಡನೆ ಹಿತ್ತಿಲ ಬಾವಿ ಕಸದ ಗುಂಡಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ವಿಶ್ವ ಸ್ಮಾರಕ ನಿಧಿಯು ತನ್ನ 2020ರ ಪಟ್ಟಿಯಲ್ಲಿ ದಖ್ಖನಿನ ಪ್ರಾಚೀನ ಜಲವ್ಯವಸ್ಥೆಗಳನ್ನು ಸೇರಿಸಿ ಜಗತ್ತಿನ ಗಮನ ಸೆಳೆಯಿತು. ಜಗತ್ತು ನೋಡೀತು, ಕಸ ತೆಗೆಯಬೇಕಾದವರು ನಾವು.

ಸುರಂಗದೊಳಗಿನ ಕೆಲಸ ತಿಳಿದವರದು. ಅಲ್ಲಿ ಉತ್ಸಾಹವೊಂದೇ ಸಾಲದು. ನಮ್ಮ ಪಾಲಿನದು ಮೇಲಿನ ನೆಲ. ಒಸರು ಹುಟ್ಟುವುದು ಬಾವಿಯಲ್ಲಲ್ಲ, ಸುತ್ತಲಿನ ಇಳಿಜಾರಿನಲ್ಲಿ. ಅಲ್ಲಿ ಮಣ್ಣು ಸುರಿಯದಂತೆ, ಹಳ್ಳ ಮುಚ್ಚದಂತೆ, ಬಾವಿಗಳ ಬಾಯಿಗೆ ಪ್ಲಾಸ್ಟಿಕ್ಕು ಬೀಳದಂತೆ ಕಾಯಬೇಕು. ಒಂದು ಭಾನುವಾರ ಸಲಿಕೆ ಹಿಡಿದು, ಚಿತ್ರ ತೆಗೆಸಿಕೊಂಡು ಮರಳಿದರೆ ಅಲ್ಲಮನ ಮೂದಲಿಕೆ ನಮಗೂ ತಟ್ಟುತ್ತದೆ. ಪ್ರತಿವರ್ಷ ಮುಂಗಾರಿಗೆ ಮೊದಲು, ಯಾರ ಹೆಸರೂ ಇಲ್ಲದೆ, ಸರದಿಯ ಮೇಲೆ ಹೋಗಿಬರುವವರು ಬೇಕು.

ಕಾವ್ಯವನ್ನು ಓದಲು ತಲೆಮಾರಿಗೊಬ್ಬ ಓದುಗ ಸಿಕ್ಕರೂ ಅದು ಬದುಕೀತು. ನೀರಿಗೆ ಅಷ್ಟು ಕಾಯುವ ತಾಳ್ಮೆಯಿಲ್ಲ.