ಮೂಲೆಯ ಹೂವು

ದಹಿಸರ್‌ನಿಂದ ಉತ್ತರಕ್ಕೆ ಹೋದರೆ ಪಶ್ಚಿಮ ರೈಲ್ವೆಯ ಲೋಕಲ್ ದಾರಿ ಮುಗಿಯುವುದು ಡಹಾಣು ರೋಡ್‌ನಲ್ಲಿ. ಅದು ವಾರ್ಲಿ ಜನರ ಸೀಮೆ. ಅಲ್ಲಿ ಮದುವೆಮನೆಯ ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನಿಂದ ‘ಚೌಕ’ ಬರೆಯುವುದು ಮುತ್ತೈದೆಯರ ಕೆಲಸ. 1934ರಲ್ಲಿ ಹುಟ್ಟಿದ ಜಿವ್ಯಾ ಸೋಮಾ ಮಾಶೆ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು, ಮಾತೇ ನಿಂತುಹೋಯಿತು. ಹೇಳಬೇಕಾದ್ದನ್ನು ಧೂಳಿನಲ್ಲಿ ಗೀಚಿ ತೋರಿಸುತ್ತಿದ್ದರು. ಮುಂದೆ ಹೆಂಗಸರ ಆ ಕಲೆಯನ್ನೇ ಕೈಗೆತ್ತಿಕೊಂಡರು. 1970ರ ದಶಕದಲ್ಲಿ ವಾರ್ಲಿ ಚಿತ್ರ ಗೋಡೆಯಿಂದ ಕಾಗದಕ್ಕಿಳಿದು ಪೇಟೆ ಕಂಡಿತು. 2011ರಲ್ಲಿ ಮಾಶೆಯವರಿಗೆ ಪದ್ಮಶ್ರೀ ಬಂತು.

ನಮ್ಮ ಕಡೆ ಇಂಥ ಸಮಾಧಾನ ಸೂಜಿದಾರದಲ್ಲಿದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದರೆ ಕೌದಿ. ಹಳಿಯಾಳ, ಯಲ್ಲಾಪುರದ ಸಿದ್ದಿಯರು ತಮ್ಮದನ್ನು ‘ಕವಂದ್’ ಎನ್ನುತ್ತಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಈ ಕಾಡು ಸೇರಿದವರು ಇವರ ಪೂರ್ವಿಕರಲ್ಲಿದ್ದಾರೆ. ಕವಂದ್‌ನ ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತ ನಡುವಿಗೆ ಬರುತ್ತದೆ. ಕೊನೆಗೆ ಮೂಲೆಗಳಿಗೆ ಮಡಿಸಿದ ತ್ರಿಕೋನದ ತುಂಡು ಕೂರಿಸುತ್ತಾರೆ. ಅದು ‘ಫುಲಾ’, ಅಂದರೆ ಹೂವು. ಅದಿಲ್ಲದ ಕವಂದ್ ಅವರ ಲೆಕ್ಕದಲ್ಲಿ ಬೆತ್ತಲೆ.

ಆ ಹೂವು ಚಳಿ ತಡೆಯುವುದಿಲ್ಲ. ಧೂಳಿನ ಗೀಚು ತಾಯಿಯನ್ನು ಮರಳಿ ತರಲಿಲ್ಲ. ಕರಕುಶಲದ ಇತಿಹಾಸವನ್ನು ನಾವು ಹೆಚ್ಚಾಗಿ ಪೇಟೆಯಿಂದ, ಪ್ರಶಸ್ತಿಯಿಂದ ಶುರು ಮಾಡುತ್ತೇವೆ. ಅದು ನಿಜವಾಗಿ ಶುರುವಾಗುವುದು ಇನ್ನೂ ಹಿಂದೆ: ಹೊದೆಯಲು ಬೇಕಾದಷ್ಟು ಹೊಲಿದಾದ ಮೇಲೂ, ಚಿಂದಿಯಲ್ಲೇ ಒಂದು ತುಂಡು ಉಳಿಸಿ ಹೂವು ಮಾಡಿದ ಕೈಯಿಂದ.