ರೈಲುಗಾಲಿಯ ಅಂತಃಪೀಡನ: ಒಂದು ಚಾರಿತ್ರಿಕ ಪರಿಶೀಲನೆ

ರೈಲುಗಾಲಿಯ ಮೇಲೆ ಬೀಳುವ ಭಾರವನ್ನು ಗಣಿಸುವುದು ಎಂಜಿನಿಯರರಿಗೆ ಅಷ್ಟೇನೂ ದುಸ್ಸಾಧ್ಯವಾಗಿರಲಿಲ್ಲ. ಅವರನ್ನು ಒಂದು ಶತಮಾನಕ್ಕೂ ಮಿಗಿಲಾಗಿ ಕಾಡಿದುದು, ಯಾವ ಭಾರವನ್ನೂ ಹೊರದೆ ಸುಮ್ಮನೆ ಬಿದ್ದಿರುವ ಗಾಲಿಯ ಒಡಲಿನಲ್ಲಿಯೂ ಅಡಗಿರಬಲ್ಲ, ತಾಪವೈಷಮ್ಯದಿಂದ ಜನಿಸಿದ ಪೀಡನ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಸರಕುಬಂಡಿಗಳು ಬಹುಮಟ್ಟಿಗೆ ಬೀಡುಕಬ್ಬಿಣದ ಗಾಲಿಗಳ ಮೇಲೆಯೇ ಉರುಳುತ್ತಿದ್ದುವು. ಎರಕ ಹೊಯ್ಯುವಾಗ ನೇಮಿಯ ಸುತ್ತ ಲೋಹದ ಬಳೆಯನ್ನೂ ಉಳಿದೆಡೆ ಮರಳನ್ನೂ ಇರಿಸುತ್ತಿದ್ದುದರಿಂದ, ಹಳಿಯನ್ನು ಮುಟ್ಟುವ ಮೈ ಒಡನೆಯೇ ತಣಿದು ಅತಿಕಠಿನವಾದ ಬಿಳಿಯ ಕಬ್ಬಿಣವಾಗುತ್ತಿತ್ತು. ನಾಭಿಯೂ, ಅದನ್ನು ನೇಮಿಗೆ ಕೂಡಿಸುವ ಫಲಕವೂ ಸಾವಕಾಶವಾಗಿ ಆರಿ ಮೃದುವಾಗಿ ಉಳಿಯುತ್ತಿದ್ದುವು. ನೇಮಿ ಗಟ್ಟಿಯಾದ ತರುವಾಯವೂ ಒಳಭಾಗ ಕುಗ್ಗಲೆಳಸುವುದರಿಂದ ಫಲಕದಲ್ಲಿ ಕರ್ಷಣವುಂಟಾಗಿ, ಎಳೆತಕ್ಕೆ ಬಹಳ ದುರ್ಬಲವಾದ ಆ ಲೋಹ ಬಿರಿಯುವ ಭಯ ತಪ್ಪುತ್ತಿರಲಿಲ್ಲ. ಮೊದಮೊದಲು ನಾಭಿಯನ್ನೇ ಸೀಳುಸೀಳಾಗಿ ಎರೆದು, ಆರಿದ ಮೇಲೆ ಸಂದುಗಳನ್ನು ತುಂಬಿ, ಕಬ್ಬಿಣದ ಪಟ್ಟಿ ಬಿಗಿಯುವ ಉಪಾಯವಿತ್ತು. ಫಿಲಡೆಲ್ಫಿಯಾದ ಏಸಾ ವಿಟ್ನಿ 1848ರಲ್ಲಿ ಪೇಟೆಂಟ್ ಪಡೆದ ವಿಧಾನವಾದರೋ ಇದಕ್ಕಿಂತ ಮೂಲಗಾಮಿಯಾದುದು: ಎರಕದಿಂದ ತೆಗೆದ ಬಿಸಿಗಾಲಿಯನ್ನು ಕುಲುಮೆಯಲ್ಲಿರಿಸಿ, ಸರ್ವಾಂಗವನ್ನೂ ಒಂದೇ ತಾಪಕ್ಕೆ ತಂದು, ಬಳಿಕ ಮೆಲ್ಲಮೆಲ್ಲನೆ ಆರಗೊಡುವುದು. ಈ ಹಕ್ಕಿನ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಏರಿತೆಂಬುದು ಅದರ ವಾಣಿಜ್ಯಮೌಲ್ಯಕ್ಕೆ ಸಾಕ್ಷಿ.

ವೆಸ್ಟಿಂಗ್‌ಹೌಸನ ಗಾಳಿಬ್ರೇಕು 1869ರಲ್ಲಿ ಬಂದು, 1893ರ ಕಾಯಿದೆಯಿಂದ ಅಂಥ ಬ್ರೇಕುಗಳು ಕಡ್ಡಾಯವಾದ ಮೇಲೆ ಸಮಸ್ಯೆಯ ನೆಲೆಯೇ ಬದಲಾಯಿತು. ಬ್ರೇಕಿನ ಕಟ್ಟೆ ನೇಮಿಯನ್ನೇ ಒತ್ತಿ ಉಜ್ಜುವುದರಿಂದ, ದೀರ್ಘವಾದ ಇಳಿಜಾರಿನಲ್ಲಿ ನೇಮಿ ಕಾದು ಹಿಗ್ಗುತ್ತದೆ, ನಾಭಿ ತಂಪಾಗಿಯೇ ಇರುತ್ತದೆ, ನಡುವಣ ಫಲಕ ಜಗ್ಗಾಟಕ್ಕೆ ಸಿಕ್ಕುತ್ತದೆ. ಇದರ ಮೇಲೆ ಅಚ್ಚನ್ನು ಬಿಗಿಯಾಗಿ ತೂರಿಸಿದುದರ ಒತ್ತು, ಬಂಡಿಯ ಭಾರ, ತಿರುವಿನಲ್ಲಿ ಹಳಿ ಗಾಲಿಯ ಏಣನ್ನು ತಳ್ಳುವ ಬಲ. ಇಲಿನಾಯ್ ವಿಶ್ವವಿದ್ಯಾಲಯದ ಸ್ನಾಡ್‌ಗ್ರಾಸ್ ಮತ್ತು ಗುಲ್ಡ್ನರ್ 1922-23ರ ಪ್ರಕಟಣೆಗಳಲ್ಲಿ ಈ ಕಾರಣಗಳನ್ನು ಬೇರೆಬೇರೆಯಾಗಿ ಅಳೆದರು. ಅದೇ ಕಾಲಕ್ಕೆ ಅಮೆರಿಕದ ಮಾನಕ ಸಂಸ್ಥೆಯಲ್ಲಿ ಬರ್ಜೆಸ್ ಮತ್ತು ಸಂಗಡಿಗರು ಗಾಲಿಗಳ ತಾಪಪೀಡನವನ್ನು ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಿದರು. ಮುರಿದ ಗಾಲಿಯ ಮುಂದೆ ನಿಂತು ಊಹಿಸುವ ಅಭ್ಯಾಸಕ್ಕೆ ಈ ಅಳತೆಗಳು ಕಡಿವಾಣ ಹಾಕಿದುವೆಂದು ನನ್ನೆಣಿಕೆ.

ಉಕ್ಕಿನ ಗಾಲಿಯಲ್ಲಿ ಅಪಾಯ ಬೇರೊಂದು ದಾರಿಯಿಂದ ಬಂದಿತು. ಅತಿಯಾಗಿ ಕಾದ ನೇಮಿ, ಹಿಗ್ಗಲು ಎಡೆಯಿಲ್ಲದೆ ತನ್ನೊಳಗೇ ಅದುಮಿ ಶಾಶ್ವತವಾಗಿ ಮೋಟಾಗುವುದರಿಂದ, ಆರಿದಾಗ ಅದರಲ್ಲಿ ಕರ್ಷಣ ನೆಲೆಸುತ್ತದೆ; ಬ್ರೇಕಿನುರಿಯಿಂದ ಮೂಡಿದ ಕೂದಲೆಳೆಯ ಬಿರುಕುಗಳನ್ನು ಆಳಕ್ಕೆ ಕೊಂಡೊಯ್ಯುವುದು ಈ ಕರ್ಷಣವೇ. ಇದಕ್ಕೆ ದೊರೆತ ಪರಿಹಾರ ವಿಟ್ನಿಯ ಮಾರ್ಗಕ್ಕೆ ನೇರ ವಿರುದ್ಧವಾದುದು. ಕಾಯಿಸಿದ ಗಾಲಿಯ ನೇಮಿಗೆ ಮಾತ್ರ ನೀರೆರಚಿ ಮೊದಲು ತಣಿಸಿದರೆ, ಆಮೇಲೆ ಕುಗ್ಗುವ ಒಳಭಾಗ ನೇಮಿಯನ್ನು ಸಂಪೀಡನದಲ್ಲಿ ಬಿಗಿಹಿಡಿಯುತ್ತದೆ, ಬಿರುಕು ಬಾಯ್ದೆರೆಯಲಾರದು. ನೇಮಿ ಮೊದಲು ತಣಿಯುವ ಅದೇ ವೈಷಮ್ಯ ಭಿದುರವಾದ ಬೀಡಿಗೆ ಮೃತ್ಯುವಾಗಿ, ಎಳೆತವನ್ನು ತಾಳಬಲ್ಲ ಉಕ್ಕಿಗೆ ರಕ್ಷೆಯಾದುದನ್ನು ಲೋಹವಿದ್ಯೆಯ ಚರಿತ್ರಕಾರರು ಸಾಕಷ್ಟು ಗಮನಿಸಿದಂತೆ ನನಗೆ ತೋರದು. ಫಲಕವನ್ನು ಬಳುಕಾಗಿ ರೂಪಿಸಿ ನೇಮಿಯ ಹಿಗ್ಗುವಿಕೆಗೆ ಅವಕಾಶವೀಯುವ ಕ್ರಮವೂ ಇದಕ್ಕೆ ಜತೆಗೂಡಿತು.

1984ರಲ್ಲಿ ಬೆಂಗಳೂರಿನ ಯಲಹಂಕದಲ್ಲಿ ಸ್ಥಾಪಿತವಾದ ಗಾಲಿ ಮತ್ತು ಅಚ್ಚಿನ ಕಾರ್ಖಾನೆ, ದ್ರವರೂಪದ ಉಕ್ಕನ್ನು ಗಾಳಿಯೊತ್ತಡದಿಂದ ಗ್ರಾಫೈಟ್ ಪಡಿಯಚ್ಚುಗಳಿಗೆ ಏರಿಸಿ ಗಾಲಿಗಳನ್ನು ಎರೆಯುತ್ತದೆ; ನೇಮಿಗೆ ನೀರೆರಚುವ ಸಂಸ್ಕಾರ ಇಲ್ಲಿಯೂ ಉಂಟು. ಹೀಗೆ ನೆಲೆಗೊಳಿಸಿದ ಸಂಪೀಡನವನ್ನು ವರ್ಷಗಳ ಬ್ರೇಕಿನ ತಾಪ ಅಳಿಸಿಹಾಕಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ: ನೇಮಿಯಿಂದ ನಾಭಿಯತ್ತ ಗರಗಸದಿಂದ ಕೊಯ್ದಾಗ, ಕೊಯ್ತ ಮುಚ್ಚಿಕೊಂಡರೆ ಸಂಪೀಡನ ಉಳಿದಿದೆ, ಅಗಲವಾದರೆ ಕರ್ಷಣ ಸೇರಿದೆ. ಗಾಲಿಯನ್ನು ಕೆಡಿಸದೆ ಈ ಪರೀಕ್ಷೆ ನಡೆಯದೆಂಬುದೇ ಅದರ ದೋಷ.