ಆತಕೂರಿನ ಕಾಳಿ

ಕ್ರಿ.ಶ. 949ರ ತಕ್ಕೋಲದ ಯುದ್ಧದ ಕಾಲದಲ್ಲಿ ಮಣಲೇರನೆಂಬ ವೀರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿದಾಗ, ಅವನು ಬೇಡಿ ಪಡೆದದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಕಾಳಿಯು ಕಾಡುಹಂದಿಯೊಡನೆ ಕಾದಿತು. ಎರಡೂ ಜೊತೆಯಲ್ಲಿಯೇ ಮಡಿದವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಗಲುವುದೆಂದು ಶಾಸನವು ಎಚ್ಚರಿಸುತ್ತದೆ.

ಶಾಸನವು ಹೊಗಳಿದ್ದು ಶೌರ್ಯವನ್ನು. ಆದರೆ ಯಜಮಾನನ ಸನ್ನೆಯನ್ನರಿಯದ ನಾಯಿಯಿಂದ ಬೇಟೆ ಸಾಧ್ಯವೆ? ಅಡಗಿಸಿಟ್ಟ ಆಹಾರದತ್ತ ಮನುಷ್ಯನು ಕೈತೋರಿದಾಗ ನಾಯಿಗಳು ಚಿಂಪಾಂಜಿಗಳಿಗಿಂತ ಚೆನ್ನಾಗಿ ಗ್ರಹಿಸುವುದನ್ನು 2002ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿದವು. ಅಮೆರಿಕದ ಚೇಸರ್ ಎಂಬ ನಾಯಿ 1000ಕ್ಕೂ ಮಿಕ್ಕಿ ಆಟಿಕೆಗಳ ಹೆಸರು ಕಲಿತದ್ದು 2011ರಲ್ಲಿ ವರದಿಯಾಯಿತು. ನಮ್ಮನ್ನು ಅರಿಯುವ ಪ್ರಾಣಿಯ ಋಣ ನಮ್ಮ ಮೇಲಿದೆ. ಅದನ್ನು ನಮ್ಮ ಹಿರಿಯರು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಬರೆಸಿದ್ದಾರೆ.